ಕೇಳದ ಗಿರಾಕಿ

ಮೊನ್ನೆ ಬೀಗರ ಮನೆಯ ಗೃಹಪ್ರವೇಶಕ್ಕೆ ಅಂತ ಜಗಳೂರಿಗೆ ಹೋಗಿದ್ದೆ. ಬಸ್ಸಿಳಿದು ಬೀದಿ ತಿರುಗಿದೆನೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ವಾರ್ನಿಶ್ ವಾಸನೆ. ಬೋರ್‌ವೆಲ್ ಮೋಟರ್ ಸುಡದ ವಾರವೇ ಇಲ್ಲದ ಸೀಮೆ ಅದು, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋ ರಿವೈಂಡಿಂಗ್ ಅಂಗಡಿಗಳು ಇದ್ದೇ ಇರುತ್ತವೆ. ಅಲ್ಲಿನವರಿಗೆ ಆ ವಾಸನೆ ಇದೆ ಅಂತಲೂ ಗೊತ್ತಾಗಲಿಕ್ಕಿಲ್ಲ. ನಾನು ಮಾತ್ರ ಅಲ್ಲೇ ನಿಂತೆ. ಎದುರಿನ ಅಂಗಡಿಯೊಳಗೆ ಬಾಗಿಲಿಗೆ ಬೆನ್ನು ಹಾಕಿ ಒಬ್ಬ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ. ಅಗಲವಾದ ಬೆನ್ನು, ಎಡಕ್ಕೆ ಚೂರು ವಾಲಿದ ತಲೆ.

"ತಿಪ್ಪೇಶಾ," ಅಂದೆ.

ತಿರುಗಲಿಲ್ಲ. ತಿರುಗೋದಿಲ್ಲ ಅಂತ ಗೊತ್ತಿದ್ದೇ ಕರೆದಿದ್ದೆ.

ಚನ್ನಗಿರಿಯಲ್ಲಿ ನನ್ನದೊಂದು ಗಾಡಿ ಸಾಮಾನಿನ ಅಂಗಡಿ ಇದೆ. ಎಲ್ಲರೂ ರತ್ನಕ್ಕ ಅಂತಾರೆ. ಮೊದಲು ಜಾಕೆಟ್ ಹೊಲಿಯುತ್ತಿದ್ದೆ. ಒಂದು ಸಲ ಯಾರೋ ಆಟೋದ ಸೀಟ್ ಕವರ್ ಹೊಲಿಸಿದರು. ಸೀಟು ದಪ್ಪ ಆಗೋದಿಲ್ಲ, ಸಣ್ಣ ಆಗೋದಿಲ್ಲ, ಕಂಕುಳಲ್ಲಿ ಬಿಗಿ ಅಂತ ವಾಪಸ್ ಬರೋದಿಲ್ಲ ಅನ್ನೋದು ಅವತ್ತೇ ತಲೆಗೆ ಹೊಳೆಯಿತು. ಸೀಟ್ ಕವರಿಂದ ಮ್ಯಾಟು, ಮ್ಯಾಟಿಂದ ಹಾರನ್ನು, ಹಾರನ್ನಿಂದ ಸ್ಪೀಕರು. ಕಲಿಸಿದವರು ಯಾರೂ ಇಲ್ಲ. ನನ್ನದೇ ಮಾಲು ಸುಟ್ಟುಕೊಂಡು ಕಲಿತೆ. ಅದಕ್ಕೇ ಇವತ್ತಿಗೂ ಯಾರಾದರೂ ಗಾಡಿಗೆ ಹಾಡಿನ ಸೆಟ್ ಹಾಕಿಸಬೇಕು ಅಂದರೆ, ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ವ್ಯಾಪಾರದ ವಿಷಯಕ್ಕೆ ಬಂದರೆ, ನಾನು ಮೊದಲು ಹೇಳೋ ರೇಟು ರೇಟೇ ಅಲ್ಲ, ಮಾತಿಗೆ ಪೀಠಿಕೆ. ಗಿರಾಕಿ ಅರ್ಧಕ್ಕೆ ಕೇಳಬೇಕು. ನಾನು ಹಣೆ ಚಚ್ಚಿಕೊಳ್ಳಬೇಕು. ಅವರು ಎದ್ದು ಹೋದ ಹಾಗೆ ಮಾಡಬೇಕು, ಮೆಟ್ಟಿಲಿಳಿಯೋ ಹೊತ್ತಿಗೆ ನಾನು ಕರೆಯಬೇಕು. ನಲ್ಲೂರಿನವರಿರಲಿ ಕೆರೆಬಿಳಚಿಯವರಿರಲಿ, ಇದು ಎಲ್ಲರಿಗೂ ಗೊತ್ತಿರೋ ಆಟ. ಈ ಆಟ ಆಡದೆ ಮಾಲು ತಗೊಂಡು ಹೋದ ಗಿರಾಕಿ ನನಗೆ ಒಬ್ಬನೇ. ಅವನೇ ತಿಪ್ಪೇಶ.

ಆ ವರ್ಷ ಮಳೆ ಹಿಡಿದುಕೊಂಡೇ ಇತ್ತು. ಅಡಿಕೆ ಕೊಯ್ಲು ಶುರುವಾದ ಮೇಲೂ ಬಿಡಲಿಲ್ಲ. ಕೊಯ್ದ ಗೊನೆ ಕಣದಲ್ಲಿ ಕೊಳೆಯೋದರೊಳಗೆ ಸುಲಿದು ಬೇಯಿಸಬೇಕು ಅಂತ ಎಲ್ಲರಿಗೂ ಒಟ್ಟಿಗೇ ಅವಸರ. ಮಷಿನ್ ಬಂದಿದ್ದರೂ ಸಾಕಾಗಲಿಲ್ಲ, ಸುಲಿಯೋ ಹೆಂಗಸರಿಗೆ ಭಾರಿ ಬೇಡಿಕೆ. ನಮ್ಮ ಊರಿನ ಒಂದು ಗುಂಪು ಹೊನ್ನಾಳಿ ದಾಟಿ ನ್ಯಾಮತಿ ಕಡೆಯ ಕಣಕ್ಕೆ ಹೋಗುತ್ತಿತ್ತು. ದೂರವಾದರೂ ಕೂಲಿ ಜಾಸ್ತಿ. ಅವರನ್ನು ಕರೆದುಕೊಂಡು ಹೋಗೋ ಕ್ರೂಸರ್ ತಿಪ್ಪೇಶನದು. ಜಗಳೂರಿನವನು, ಹೆಂಡತಿ ಶಾರದಾ ಚನ್ನಗಿರಿಯವಳು ಅಂತ ಇಲ್ಲೇ ನೆಲೆ ನಿಂತಿದ್ದ. ಶಾರದಾಳೂ ಆ ಗುಂಪಿನಲ್ಲೇ ಸುಲಿಯುತ್ತಿದ್ದಳು.

ಒಂದು ಸಂಜೆ ಕಣದಿಂದ ವಾಪಸ್ ಬರುವಾಗ ಗಾಡಿ ತುಂಬ ಹೆಂಗಸರನ್ನು ಹಾಗೇ ಕೂರಿಸಿಕೊಂಡು ನನ್ನ ಅಂಗಡಿ ಮುಂದೆ ನಿಲ್ಲಿಸಿದ.

"ಅಕ್ಕ, ಹಾಡಿಲ್ಲ ಅಂದ್ರೆ ನಾಳೆಯಿಂದ ಬೇರೆ ಗಾಡಿ ಹತ್ತೀವಿ ಅಂತಾರೆ ಇವ್ರು. ಎದೆ ನಡುಗೋ ಹಂಗೆ ಒಂದು ಸೆಟ್ ಹಾಕಿಕೊಡ್ರಿ."

"ನಮ್ಮ ಎದೆ ಬ್ಯಾಡಪ್ಪ, ನಿನ್ನ ಗಾಡಿ ತಗಡು ನಡುಗಿದ್ರೆ ಸಾಕು!" ಅಂತ ಹಿಂದಿನ ಬಾಗಿಲಿಂದ ಗಂಗಮ್ಮ ಕೂಗಿದಳು. ಆ ಗುಂಪಿಗೆ ಹಿರಿಯಳು ಅವಳು. ಅವಳಷ್ಟು ಚುರುಕಾಗಿ ಸುಲಿಯೋರು ಆ ಗಾಡಿಯಲ್ಲಿ ಇನ್ನೊಬ್ಬರಿರಲಿಲ್ಲ, ಅವಳಷ್ಟು ಬಾಯಿ ಇದ್ದವರೂ ಇರಲಿಲ್ಲ.

ನಾನು ಪೀಠಿಕೆ ರೇಟು ಹೇಳಿದೆ.

"ಆಯ್ತಕ್ಕ, ಹಂಗೇ ಮಾಡ್ರಿ," ಅಂದ, ನಗುತ್ತಾ ತಲೆಯಾಡಿಸಿ.

ನಾನು ಕಾದೆ. ಅವನು ನಗುತ್ತಲೇ ನಿಂತಿದ್ದ. "ಅಲ್ಲಯ್ಯಾ, ಕೇಳೋದಿಲ್ವಾ?" ಅಂದೆ.

"ಆಯ್ತಕ್ಕ."

ಎದುರಿಗೆ ಯಾರೂ ಇಲ್ಲದೆ ಒಬ್ಬಳೇ ಹಗ್ಗ ಹಿಡಿದು ಎಳೆದ ಹಾಗಾಯಿತು. ಕೊನೆಗೆ ನಾನೇ ಇಳಿಸಿ, ನಾನೇ ಒಪ್ಪಿಕೊಂಡೆ. ದೊಡ್ಡ ಮನಸ್ಸಿನ ಮನುಷ್ಯ ಅಂದುಕೊಂಡೆ. ಶಾರದಾ ಮುಂದಿನ ಸೀಟಿನಿಂದ ನನ್ನನ್ನೇ ನೋಡುತ್ತಿದ್ದಳು.

ಈಗ ನಿಮಗೊಂದು ಮಾತು. ಎದೆ ನಡುಗಿಸೋ ಸ್ಪೀಕರು, ಅದೇ ಸಬ್‌ವೂಫರ್, ತಗೊಳ್ಳುವಾಗ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ವ್ಯಾಟ್ಸ್ ನೋಡಬೇಡಿ, ಅದೂ ನನ್ನ ಮೊದಲ ರೇಟಿನ ಹಾಗೇ. ಕೆಳಗೆ ಸಣ್ಣದಾಗಿ ಆರ್‌ಎಂಎಸ್ ಅಂತ ಬರೆದಿರುತ್ತಾರೆ, ಅದು ಅಸಲು. ಆಂಪ್ಲಿಫೈಯರಿನ ಆರ್‌ಎಂಎಸ್ಸು, ಸ್ಪೀಕರಿನ ಆರ್‌ಎಂಎಸ್ಸು ಹತ್ತಿರ ಹತ್ತಿರ ಇರಬೇಕು. ಆಮೇಲೆ ಓಮ್ ನೋಡಬೇಕು. ಅವತ್ತು ನಾನು ಸ್ಪೀಕರ್ ತಿರುಗಿಸಿ ತಿಪ್ಪೇಶನಿಗೆ ಓಮ್ ತೋರಿಸುತ್ತಿದ್ದರೆ ಗಂಗಮ್ಮ, "ಏನಕ್ಕ, ಆಗ್ಲಿಂದ ಓಂ ಓಂ ಅಂತೀಯ, ವೈರಿಂಗಾ ಪೂಜೇನಾ?" ಅಂದಳು. ನಮ್ಮ ಕಡೆ ಜನಕ್ಕೆ ನಾನು ಅದನ್ನು ಪಂಪ್‌ಸೆಟ್ ಲೆಕ್ಕದಲ್ಲಿ ಹೇಳುತ್ತೇನೆ. ಓಮ್ ಅಂದರೆ ಪೈಪಿನ ಬಿಗಿ. ಒಂದು ಸ್ಪೀಕರಿನೊಳಗೆ ನಾಲ್ಕು ಓಮಿನ ಎರಡು ಕಾಯಿಲ್, ಅಂದರೆ ತಂತಿ ಸುರುಳಿ, ಇದ್ದರೆ, ಅದು ಎರಡು ಪೈಪು ಇದ್ದ ಹಾಗೆ. ಒಂದರ ತುದಿಗೆ ಇನ್ನೊಂದು ಜೋಡಿಸಿದರೆ ಎಂಟು, ನೀರು ಕಮ್ಮಿ. ಅಕ್ಕಪಕ್ಕ ಜೋಡಿಸಿದರೆ ಎರಡು, ನೀರು ಜಾಸ್ತಿ, ಆದರೆ ಮೋಟರಿಗೆ ಎಳೆತವೂ ಜಾಸ್ತಿ. ಓಮ್ ಇಳಿದಷ್ಟೂ ಆಂಪಿನ ಮೇಲೆ ಭಾರ ಏರುತ್ತೆ, ಇಲ್ಲೇ ಎಲ್ಲರೂ ಎಡವೋದು. ತಿಪ್ಪೇಶನ ಆಂಪು ಎರಡು ಓಮಿನವರೆಗೂ ತಡೆಯೋ ಅಂಥದ್ದು, ಹಾಗಾಗಿ ಅಕ್ಕಪಕ್ಕ ಕೊಟ್ಟೆ. ದಪ್ಪ ವೈರು ಎಳೆದೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ಆಂಪನ್ನು ಹಿಂದಿನ ಸೀಟಿನ ಕೆಳಗೆ ಕೂರಿಸಿ, ಬಣ್ಣ ಕೆರೆದ ತಗಡಿಗೆ ಅರ್ಥ್ ಬಿಗಿದೆ. ಕೊನೆಗೆ ಹಾಡು ಹಾಕಿ, ದನಿ ಒಡೆಯೋ ತನಕ ಆಂಪಿನ ಗೇನ್ ತಿರುಪು ಏರಿಸಿ, ಅಲ್ಲಿಂದ ಚೂರು ಹಿಂದಕ್ಕೆ ತಂದು ನಿಲ್ಲಿಸಿದೆ.

"ಇದು ವಾಲ್ಯೂಮ್ ಅಲ್ಲ. ಇದನ್ನ ಮುಟ್ಟಬ್ಯಾಡ," ಅಂದೆ.

"ಆಯ್ತಕ್ಕ, ಹಂಗೇ ಮಾಡ್ರಿ."

ಹೊರಟರು. ಶಾರದಾ ಮುಂದೆ ಅವನ ಪಕ್ಕದಲ್ಲಿ ಕೂತು ಎಡಗೈ ಮಡಿಲಲ್ಲಿ, ಬಲಗೈ ಗಂಡನ ಭುಜದ ಮೇಲೆ ಇಟ್ಟಿದ್ದಳು. "ಕೈ ಬಿಟ್ರೆ ನಿನ್ ಗಂಡ ಹಾರಿ ಹೋಗಲ್ಲ ಕಣೇ!" ಅಂತ ಹಿಂದಿನಿಂದ ಯಾರೋ ಅಂದರು, ಗಾಡಿ ತುಂಬ ನಗು. ಆಮೇಲೆ ಧಡ್ ಧಡ್ ಅನ್ನುತ್ತಾ ಕ್ರೂಸರ್ ಹೋಯಿತು.

ಕೆಲವೇ ವಾರ. ಒಂದು ಮಧ್ಯಾಹ್ನ ಮಳೆಯಲ್ಲಿ ನೆನೆದುಕೊಂಡು ಗಂಡ ಹೆಂಡತಿ ಬಂದರು. ತಿಪ್ಪೇಶ ಸ್ಪೀಕರಿನ ಪೆಟ್ಟಿಗೆ ತಂದು ಕೌಂಟರಿನ ಮೇಲೆ ಕುಕ್ಕಿದ. ಬಾಯಿ ತೆರೆಯೋ ಮೊದಲೇ ಗೊತ್ತಾಯಿತು. ಅಂಗಡಿ ತುಂಬ ಸುಟ್ಟ ವಾರ್ನಿಶ್ ವಾಸನೆ.

"ಸೆಕೆಂಡ್ ಮಾಲು ಹಾಕೀರಿ ಅಕ್ಕ ನೀವು."

ಎರಡೂ ಅಂಗೈ ಊರಿ ಸ್ಪೀಕರಿನ ಕೋನು ಒತ್ತಿದೆ. ಒಳಗೆ ಕರ್ ಅಂತ ತಿಕ್ಕಿತು. ಕಾಯಿಲ್ ಕರಕಲು. ಮೀಟರ್ ಹಿಡಿದರೆ ಮುಳ್ಳು ಅಲ್ಲಾಡಲಿಲ್ಲ. ಹೊರಗೆ ಗಾಡಿಗೆ ಹೋಗಿ ವೈರಿಂಗ್ ನೋಡಿದೆ, ನಾನು ಬಿಟ್ಟ ಹಾಗೇ ಇತ್ತು. ಫ್ಯೂಸ್ ಸರಿ, ಅರ್ಥ್ ಸರಿ. ಗೇನ್ ತಿರುಪು ಮಾತ್ರ ಕೊನೆಯ ತನಕ ತಿರುಗಿತ್ತು. ಬಾಸ್ ತಿರುಪೂ ಅಷ್ಟೇ.

ದೊಡ್ಡ ಆಂಪು ಹಾಕಿದರೆ ಸ್ಪೀಕರ್ ಸುಡುತ್ತೆ ಅಂತ ಜನ ಹೆದರುತ್ತಾರೆ. ನಾನು ನೋಡಿರೋದರಲ್ಲಿ ಹೆಚ್ಚು ಸ್ಪೀಕರ್ ಸುಟ್ಟಿರೋದು ಸಣ್ಣ ಆಂಪಿನ ಕತ್ತು ಹಿಸುಕಿದ್ದಕ್ಕೆ. ಶಕ್ತಿ ಮೀರಿದ ಮೇಲೆ ಅದು ಹಾಡೋದಿಲ್ಲ, ಕಿರುಚುತ್ತೆ, ಆ ಕಿರುಚಾಟದಲ್ಲಿ ಕಾಯಿಲ್ ಕಾಯುತ್ತೆ. ನನ್ನ ತಲೆಗೆ ಹೋಗದೆ ಇದ್ದದ್ದು ಇನ್ನೊಂದು. ಹಾಗೆ ಕಿರುಚೋ ಸೆಟ್ಟಿನ ಪಕ್ಕ ಮನುಷ್ಯಮಾತ್ರದವರು ಕೂರಲಾರರು. ತಗಡು ಹರಿದ ಹಾಗೆ ಕೇಳುತ್ತೆ ಅದು. ಇವನು ದಿನಾ ನ್ಯಾಮತಿಗೆ ಹೋಗಿ ಬಂದಿದ್ದಾನೆ.

"ಯಾಕೆ ತಿರುಗಿಸಿದೆ ಇದನ್ನ?"

ನನ್ನ ಮುಖ ನೋಡಿದ, ಕೈ ನೋಡಿದ, ತಿರುಪು ನೋಡಿದ. "ಕಮ್ಮಿ ಬರ್ತಿತ್ತು ಅಕ್ಕ. ಸೀಟಿಗೆ ಗೊತ್ತೇ ಆಗ್ತಿರಲಿಲ್ಲ."

ಕಿವಿಗೆ ಅನ್ನಲಿಲ್ಲ. ಸೀಟಿಗೆ ಅಂದ.

ಅವನು ಬಗ್ಗಿ ವೈರು ನೋಡುತ್ತಿದ್ದಾಗ ನಾನು ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ ಹೇಳಿದೆ: "ತಿಪ್ಪೇಶ, ಹೊಸಾ ಸ್ಪೀಕರ್ ಪುಕ್ಕಟೆ ಕೊಡ್ತೀನಿ ತಗೋ."

ಈ ತಾಲ್ಲೂಕಿನಲ್ಲಿ ಆ ಮಾತಿಗೆ ಕತ್ತು ತಿರುಗಿಸದ ಮನುಷ್ಯ ಇಲ್ಲ. ಅದರಲ್ಲೂ ನನ್ನ ಬಾಯಿಂದ ಬಂದರೆ ರಸ್ತೆಯ ಆಚೆಯವರೂ ಎದ್ದು ಬರುತ್ತಾರೆ. ತಿಪ್ಪೇಶ ವೈರು ನೋಡುತ್ತಲೇ ಇದ್ದ. ತಲೆ ಎತ್ತಿದರೆ ಅಂಗಡಿ ಬಾಗಿಲಲ್ಲಿ ಶಾರದಾ. ಅವಳಿಗೆ ಕೇಳಿಸಿತ್ತು.

ಒಳಗೆ ಕರೆದುಕೊಂಡು ಹೋದಳು ನನ್ನನ್ನ, ನನ್ನದೇ ಅಂಗಡಿಯೊಳಕ್ಕೆ.

"ಗೊತ್ತಾಯ್ತಲ್ಲ ಅಕ್ಕ."

"ಎಷ್ಟು ದಿನದಿಂದ?"

"ಮೂರ್ನಾಲ್ಕು ವರ್ಷದಿಂದ ಇಳೀತಾ ಬಂತು. ಈಗ ಎದುರಿಗೆ ನಿಂತು ಬಾಯಿ ನೋಡಿದ್ರಷ್ಟೇ. ನಂಗೆ ಗೊತ್ತು ಅಂತ ಅವ್ರಿಗೂ ಗೊತ್ತು, ಆದ್ರೆ ಬಾಯಿಬಿಟ್ಟು ಆಡಿಲ್ಲ ನಾವು. ಹಿಂದೆ ಹಾರನ್ ಆದ್ರೆ ನಾನು ಭುಜ ತಟ್ತೀನಿ, ಅವ್ರು ಸೈಡ್ ಕೊಡ್ತಾರೆ. ನಿಲ್ಲಿಸ್ಬೇಕು ಅಂದ್ರೆ ಒತ್ತಿ ಹಿಡೀತೀನಿ. ಒಂದು ದಿನಾನೂ ತಪ್ಪಿಲ್ಲ."

"ನೀನು ಇಲ್ಲದ ದಿನ?"

"ನಾನು ಇಲ್ಲದ ದಿನ ಇಲ್ಲ ಅಕ್ಕ."

ಭುಜದ ಮೇಲಿನ ಕೈ ಆಗ ಅರ್ಥವಾಯಿತು. ಎಲ್ಲರೂ ನಗುತ್ತಿದ್ದದ್ದು ಅದಕ್ಕೆ. ನನಗೆ ಚೌಕಾಸಿ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ, ಅದನ್ನೇ ಹಿಡಿದೆ. ದಾವಣಗೆರೆಗೆ ಕರೆದುಕೊಂಡು ಹೋಗು, ಕಿವಿ ಡಾಕ್ಟ್ರಿಗೆ ತೋರಿಸು, ಮಷಿನ್ ಹಾಕಿಸು. ಮಷಿನ್ ಕಿವಿಗೆ ಏರಿದ ದಿನ ಹೊಸ ಸ್ಪೀಕರ್ ನಾನೇ ಹಾಕಿಕೊಡುತ್ತೇನೆ, ಕಾಸು ಬೇಡ. ಅಲ್ಲಿಯ ತನಕ ಗಾಡಿಗೆ ಬೇರೆ ಡ್ರೈವರ್ ಇಡು.

"ಮಷಿನ್ ಹಾಕ್ಕೊಂಡ ಡ್ರೈವರ್ ಗಾಡೀನ ಯಾರು ಹತ್ತಾರೆ ಅಕ್ಕ? ಸೀಜನ್ ಮುಗೀಲಿ."

"ಸೀಜನ್ ಮುಗಿಯೋ ತನಕ ರೋಡು ಕಾಯಲ್ಲ ಶಾರದಾ."

ನಮ್ಮ ಮುಖ ನೋಡಿಯೇ ಅವನಿಗೆ ತಿಳಿದಿರಬೇಕು. ಬಾಗಿಲಲ್ಲಿ ನಿಂತಿದ್ದ. ಅಷ್ಟು ದಿನ ಬರೀ ಆಯ್ತಕ್ಕ ಅನ್ನುತ್ತಿದ್ದ ಬಾಯಿ ಅವತ್ತು ಬೇರೆಯೇ ಆಗಿತ್ತು. "ನಾನು ಸ್ಪೀಕರ್ ಕೇಳಾಕೆ ಬಂದೀನಿ, ನೀವು ನನ್ನ ಕಿವಿ ಕೇಳಾಕೆ ನಿಂತೀರಿ. ವೈರ್ ಜೋಡ್ಸೋದಷ್ಟೇ ನಿಮ್ಮ ಕೆಲ್ಸ. ಆಗಲ್ಲ ಅಂದ್ರೆ ಹೊನ್ನಾಳಿಯಾಗೂ ಅಂಗಡಿ ಐತೆ."

ಸುಟ್ಟ ಪೆಟ್ಟಿಗೆ ಅಲ್ಲೇ ಬಿಟ್ಟು ಹೋದ. ಶಾರದಾ ಹಿಂದೆ ಓಡಿದಳು, ಮುಂದಿನ ಸೀಟಿಗೆ.

ನಾನು ಸುಮ್ಮನಿರೋಳಲ್ಲ. ಮಾರನೇ ದಿನ ಸಂಜೆ ಗಂಗಮ್ಮನ ಮನೆಗೇ ಹೋದೆ. ನಿಮ್ಮ ಡ್ರೈವರಿಗೆ ಕಿವಿ ಕೇಳೋದಿಲ್ಲ, ನೀವು ಜೀವ ಅವನ ಕೈಗೆ ಕೊಟ್ಟು ಹೋಗ್ತಿದೀರಿ ಅಂದೆ. ಗಂಗಮ್ಮ ಎಲೆ ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿ ನಕ್ಕಳು.

"ಇದನ್ನ ಹೇಳಾಕೆ ಬಂದ್ಯಾ? ಆ ಹಾಡು ಕಿರುಚೋದಕ್ಕೆ ನಾವು ದಿನಾ ಅವನ್ನ ಬಾಯಿಗೆ ಬಂದಂಗೆ ಬಯ್ಕೊಂತ ಹೋಗ್ತೀವಿ, ಅವ್ನು ನಕ್ಕೊಂತ ಓಡಿಸ್ತಾನೆ. ನಮಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಹತ್ತೀರಾ?"

"ಕೇಳಿಲ್ಲಿ ರತ್ನಕ್ಕ. ಹೋದ ವರ್ಷದ ಡ್ರೈವರಿಗೆ ಎರಡು ಕಿವೀನೂ ಇತ್ತು. ಬೆಳಗ್ಗೆನೇ ಕುಡಿದಿರ್ತಿದ್ದ, ಕನ್ನಡೀಲಿ ಹುಡುಗೀರ್ನ ನೋಡ್ತಿದ್ದ. ಇವ್ನು ಕುಡಿಯಲ್ಲ, ಕಣ್ಣು ರೋಡ್ ಬಿಡಲ್ಲ. ಕಿವಿ ಒಂದು ಇಲ್ಲ ಅಷ್ಟೇ. ಶಾರದಾಗೆ ಹೇಳ್ಬ್ಯಾಡ ನಮಗೆ ಗೊತ್ತು ಅಂತ, ಪಾಪ, ಮುಚ್ಚಿಟ್ಟೀನಿ ಅಂದ್ಕೊಂಡಾಳೆ."

ಅವಳ ಲೆಕ್ಕ ತಪ್ಪು ಅನ್ನಲು ಇವತ್ತಿಗೂ ನನಗೆ ಬಾಯಿ ಬರೋದಿಲ್ಲ. ಒಂದು ಗಾಡಿ ತುಂಬ ಜನ, ಎಲ್ಲರಿಗೂ ಗೊತ್ತು, ಒಬ್ಬರು ಇನ್ನೊಬ್ಬರಿಂದ ಮುಚ್ಚಿಟ್ಟುಕೊಂಡು ದಿನಾ ಹೊನ್ನಾಳಿಯ ಹೊಳೆ ದಾಟಿ ಹೋಗಿ ಬರುತ್ತಿದ್ದರು. ಒಂದು ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ, ಶಾರದಾಳ ಕೈಯ ಭಾಷೆ. ಗಂಡನ ಮೇಲಿನ ಪ್ರೀತಿಗೆ ಭುಜ ಹಿಡಿದಿದ್ದಾಳೆ ಅಂತಲೇ ಅವರು ತಿಳಿದಿದ್ದರು. ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ, ಅದೊಂದು ದೊಡ್ಡ ವಿಷಯ ಅಂತ ಆಗ ಯಾರಿಗೂ ತೋರುತ್ತಿರಲಿಲ್ಲ.

ಹೊನ್ನಾಳಿಯಲ್ಲಿ ಯಾರೋ ಅವನಿಗೆ ಒಂದರ ಬದಲು ಎರಡು ಸಬ್‌ವೂಫರ್ ಹಾಕಿದರು. ಆಂಪು ಹಳೆಯದೇ. ಎರಡು ಸ್ಪೀಕರ್ ಹಂಚಿಕೊಂಡರೆ ಆಂಪಿಗೆ ಭಾರ ಕಮ್ಮಿ ಅಂತ ಹಾಕಿದವನೂ ತಿಳಿದಿದ್ದ, ಹಾಕಿಸಿಕೊಂಡವನೂ ತಿಳಿದಿದ್ದ. ಆಗಿದ್ದು ತಿರುಗಾಮುರುಗಾ. ನಾಲ್ಕು ಕಾಯಿಲ್ ಅಕ್ಕಪಕ್ಕ ಕೊಟ್ಟರೆ ಒಂದೇ ಓಮ್ ಉಳಿಯೋದು. ಎರಡಕ್ಕೇ ಏದುಸಿರು ಬಿಡೋ ಆಂಪು ಅದು. ಅದರ ಮೇಲೆ ಹೊಸದಾಗಿ ವೈರು ಎಳೆದು ಬ್ಯಾಟರಿ ಹತ್ತಿರದ ಫ್ಯೂಸ್ ಕಿತ್ತು ಹಾಕಿದ್ದರು, ಪದೇ ಪದೇ ಹೋಗುತ್ತೆ ಅಂತ. ಫ್ಯೂಸ್ ಪದೇ ಪದೇ ಹೋಗೋದು ನಿಮ್ಮನ್ನು ಗೋಳಾಡಿಸೋಕಲ್ಲ, ಗಾಡಿ ಸುಡೋ ಬದಲು ತಾನು ಸುಟ್ಟುಕೊಳ್ಳೋಕೆ. ದಯವಿಟ್ಟು ಇದೊಂದು ಮಾತು ನೆನಪಿಟ್ಟುಕೊಳ್ಳಿ.

ದೀಪಾವಳಿ ಹತ್ತಿರ ಬಂದಿತ್ತು. ಶಾರದಾಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು ಅಂತ ಬೆಳಗ್ಗೆಯೇ ಕರೆ ಬಂತು, ಅವಳು ಆಸ್ಪತ್ರೆಗೆ ಓಡಿದಳು. ಇವತ್ತು ಗಾಡಿ ತೆಗೀಬೇಡ ಅಂತ ಗಂಡನಿಗೆ ಹೇಳಿ ಹೋದಳಂತೆ. ಎದುರಿಗೆ ನಿಂತು ಹೇಳಿದಳೋ, ಓಡುತ್ತಾ ಹೇಳಿದಳೋ ನಾನು ಕೇಳಿಲ್ಲ. ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಹೆಂಗಸರ ಬುತ್ತಿ ಚೀಲಗಳು.

ನ್ಯಾಮತಿ ಇನ್ನೇನು ಬಂತು ಅನ್ನುವಾಗ ಹಿಂದಿನ ಸೀಟಿನ ಕೆಳಗಿಂದ ಹೊಗೆ ಎದ್ದಿದೆ. ಹೆಂಗಸರು ಕಿರುಚಿದ್ದಾರೆ. ಹಾಡು ಧಡ್ ಧಡ್ ಅನ್ನುತ್ತಲೇ ಇದೆ. ನಡುವಿನ ಸೀಟಿನಲ್ಲಿದ್ದ ಒಬ್ಬಳು ಎದ್ದು ತಿಪ್ಪೇಶನ ಭುಜ ಪಟಪಟ ತಟ್ಟಿದ್ದಾಳೆ, ನಿಲ್ಲಿಸು ಅಂತ.

ಭುಜ ತಟ್ಟಿದರೆ ಅವನಿಗೆ ಒಂದೇ ಅರ್ಥ. ಹಿಂದೆ ಗಾಡಿ ಬಂದಿದೆ, ದಾರಿ ಬಿಡು. ಅವನು ನಿಧಾನ ಮಾಡಿ ರಸ್ತೆಯ ಎಡಕ್ಕೆ ಇಳಿಸಿದ, ನಿಲ್ಲಿಸಲಿಲ್ಲ. ನಿಂತಿತು ಅಂದುಕೊಂಡು ಗಂಗಮ್ಮ ಹಿಂದಿನ ಬಾಗಿಲು ತೆರೆದು ಇಳಿದಳು. ತಾನು ಇಳಿದರೆ ಒಳಗಿದ್ದ ಹುಡುಗಿಯರಿಗೆ ದಾರಿಯಾಗುತ್ತೆ ಅಂತ ಮೊದಲು ಇಳಿದಳಂತೆ. ಹೊಗೆಯ ವಾಸನೆ ತಿಪ್ಪೇಶನ ಮೂಗಿಗೆ ಹೋಗಿ ಅವನು ಬ್ರೇಕ್ ಒತ್ತುವ ಹೊತ್ತಿಗೆ ಅವಳು ಜಲ್ಲಿಯ ಮೇಲೆ ಬಲಗೈ ಮೈಕೆಳಗಾಗಿ ಬಿದ್ದಿದ್ದಳು. ಉಳಿದವರಿಗೆ ಏನೂ ಆಗಲಿಲ್ಲ. ಬೆಂಕಿ ಹೊತ್ತುವ ಮೊದಲೇ ಅವನೇ ಬ್ಯಾಟರಿಯ ವೈರು ಕಿತ್ತು, ಅಂಗೈ ಸುಟ್ಟುಕೊಂಡ.

ಆಸ್ಪತ್ರೆಯ ವರಾಂಡದಲ್ಲಿ ಅವನನ್ನು ನೋಡಿದೆ. ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಒಂದೇ ಮಾತು ಹೇಳುತ್ತಿದ್ದ. "ಭುಜ ತಟ್ಟಿದ್ರು, ಸೈಡ್ ಕೊಟ್ಟೆ. ಭುಜ ತಟ್ಟಿದ್ರು, ಸೈಡ್ ಕೊಟ್ಟೆ ನಾನು." ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಶಾರದಾ ಗೋಡೆಗೆ ಮುಖ ಮಾಡಿ ಕೂತಿದ್ದಳು, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು.

ಗಾಡಿ ನನ್ನ ಅಂಗಡಿ ಮುಂದೆ ಬಹಳ ದಿನ ನಿಂತಿತ್ತು, ಮಳೆಯಲ್ಲಿ. ಆಮೇಲೆ ಮಾರಿದರು. ಗಂಡ ಹೆಂಡತಿ ಜಗಳೂರಿಗೆ ಹೋದರು ಅಂತ ಸುದ್ದಿ ಬಂತು, ಅಷ್ಟೇ.

ಅದೇ ಬೆನ್ನು ಈಗ ನನ್ನೆದುರು ತಂತಿ ಸುತ್ತುತ್ತಿತ್ತು. ಒಳಗಿಂದ ಶಾರದಾ ಬಂದಳು, ಕೈಯಲ್ಲಿ ಚಾ ಲೋಟ. ನನ್ನನ್ನು ನೋಡಿ ನಿಂತಳು. ಲೋಟ ಕೆಳಗಿಟ್ಟು ಗಂಡನ ಭುಜದ ಮೇಲೆ ಅಂಗೈ ಇಟ್ಟು, ತಟ್ಟದೆ, ಒತ್ತಿ ಹಿಡಿದಳು. ಅವನ ಕೈ ನಿಂತಿತು. ತಿರುಗಿದ.

"ಅಕ್ಕಾ! ಬರ್ರಿ, ಚಾ ಕುಡೀರಿ."

ಅಂಗಿಯ ಜೇಬಿನಿಂದ ಕಿವಿ ಮಷಿನಿನ ತುದಿ ಇಣುಕುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಶಾರದಾಳಿಗೆ ತಿಳಿಯಿತು. "ಮೋಟರ್ ಚಾಲೂ ಆದ್ರೆ ಅದು ಬರೀ ಒದರುತ್ತೆ ಅಂತ ತೆಗೆದಿಡ್ತಾರೆ ಅಕ್ಕ. ಮೋಟರ್ ಸರಿ ಆಯ್ತೋ ಇಲ್ವೋ ಕೈಯಿಟ್ಟೇ ಹೇಳ್ತಾರೆ." ಅಂಗಡಿ ಅವನ ಅಣ್ಣನದಂತೆ. ಕೆಲಸಕ್ಕೆ ತೊಂದರೆ ಇಲ್ಲವಂತೆ. ಸುತ್ತುವಾಗ ಎಣಿಕೆ ತಪ್ಪದ ಹಾಗೆ ನೋಡಿಕೊಂಡರೆ ಆಯಿತಂತೆ, ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿಂದ ಸುತ್ತಬೇಕಂತೆ.

ಚಾ ಅರ್ಧ ಆಗಿತ್ತು, ತಿಪ್ಪೇಶ ಕೇಳಿದ. "ಗಂಗಮ್ಮನ ಕೈ ಹೆಂಗೈತಕ್ಕ?"

ವ್ಯಾಪಾರದಲ್ಲಿ ಎದುರಿನವರಿಗೆ ಹಿತವಾದ ಮಾತು ಹುಡುಕಿ ಆಡೋದು ನನಗೆ ಚೆನ್ನಾಗಿ ಗೊತ್ತು. ಬಾಯಿಗೆ ಬಂದೂ ಇತ್ತು. ಆದರೆ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

"ಸರಿ ಹೋಗ್ಲಿಲ್ಲ ತಿಪ್ಪೇಶ. ಮುಷ್ಟಿ ಕಟ್ಟಾಕೆ ಬರಲ್ಲ. ಕತ್ತಿ ಹಿಡಿಯಾಕೆ ಆಗಲ್ಲ ಅಂತ ಸುಲಿಯೋದು ಬಿಟ್ಟಾಳೆ. ಈಗ ನನ್ನ ಅಂಗಡೀಲಿ ಕೂತು ಗಿರಾಕಿ ಹತ್ರ ಜಗಳ ಆಡ್ತಾಳೆ."

ನಗುತ್ತಾ ತಲೆಯಾಡಿಸಿದ. "ಆಯ್ತಕ್ಕ," ಅಂದ.

ಅದೇ ತಲೆಯಾಟ, ಅದೇ ನಗು. ಶಾರದಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಯಾವ ಮಾತನ್ನೂ ಒಂದೇ ಸಲಕ್ಕೆ ಮುಗಿಸಿದವಳಲ್ಲ ನಾನು. ಅವತ್ತು ಮಾತ್ರ ಎರಡನೇ ಸಲ ಹೇಳದೆ, ಏನನ್ನೂ ಕೇಳದೆ ಎದ್ದೆ.

ಮೆಟ್ಟಿಲಿಳಿದು ತಿರುಗಿ ನೋಡಿದೆ. ಬಾಗಿಲಿಗೆ ಬೆನ್ನು ಹಾಕಿ ಅವನು ಮತ್ತೆ ಕೂತಿದ್ದ. ಒಂದೆರಡು ಸುತ್ತು ಸುತ್ತಿದ, ನಿಲ್ಲಿಸಿದ. ಆಮೇಲೆ ಅಲ್ಲಿಯ ತನಕ ಸುತ್ತಿದ್ದ ತಂತಿಯನ್ನೆಲ್ಲ ಒಂದೊಂದೇ ಸುತ್ತು ಬಿಚ್ಚತೊಡಗಿದ.